ಬಾಲವಿಲ್ಲದ ಳ

ಬಣ್ಣ ಇಳಿಯುತ್ತಿದೆ, ಸೀಮೆಎಣ್ಣೆ ಜಾಸ್ತಿಯಾಯಿತು, ಒರೆಸು, ಹಾಳಾದ ಕೈ — ಅಪ್ಪಣೆ ಇಲ್ಲದೆ ಒ, ಇಷ್ಟಾಯಿತು, ಇನ್ನು ಳ, ಗೆ, ಬರಕೂಡದು — ಏನ್ ಗೋಪಾಲಪ್ಪಣ್ಣ, ಒಂದಕ್ಷರಕ್ಕೆ ಒಂದೊತ್ತು ಬೇಕಾ, ಗೇಟಿಗೆ ಬೋರ್ಡು ನೇತಾಕ್ಬೇಕು ಅಂತಾನೆ ನಂಜಪ್ಪ, ಸೂಪರ್‌ವೈಸರ್ ಆದಮೇಲೆ ಇವನ ಬಾಯಿ ನೋಡು, ಅರ್ಜೆಂಟಿದ್ರೆ ನೀನೇ ಬರ್ಕೊಳಯ್ಯ ಅಂದೆ, ಹೋದ. ಲೇತಿನ ಕಿರುಚಾಟ, ಸುಟ್ಟ ಕಬ್ಬಿಣದ ವಾಸನೆ, ಅಲ್ಲಿ ಕಾಫಿಯ ವಾಸನೆ ಇತ್ತು, ಹೋದ ತಿಂಗಳು, ಯೂನಿವರ್ಸಿಟಿ ಆಫೀಸಿನಲ್ಲಿ, ಮಗಳ ಹಾಜರಿ ವಿಚಾರ ಅಂತ ಕರೆಸಿದ್ದರು, ಕೂತ್ಕೊಳ್ಳಿ ಗೋಪಾಲಪ್ಪನವರೇ, ಪೀಣ್ಯದ ಈ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ನನಗೆ ಯಾರು ಕುರ್ಚಿ ಕೊಟ್ಟರು, ಮೇಜಿನ ಮೇಲೆ ಗೋಡೆಯಿಂದ ಕಿತ್ತ ಕಾಗದ, ಹಿಂದೆ ಅಂಟು ಇನ್ನೂ ಹಸಿ, ಪ್ರಶ್ನೆ ಕೇಳಬಾರದೇ ಅಂತ ಕೆಂಪಕ್ಷರ, ಕೆಳಗೆ ಸಣ್ಣದಾಗಿ, ನಮ್ಮ ಮೇಷ್ಟ್ರನ್ನು ಪೊಲೀಸರು ಯಾಕೆ ಒಯ್ದರು — ಎಮರ್ಜೆನ್ಸಿ ಅಂತ ಊರೆಲ್ಲ ಬಾಯಿ ಮುಚ್ಚಿಕೊಂಡಿದೆ, ಇದನ್ನು ಓದಬೇಕಿತ್ತು ನಾನು, ಓದಲಿಲ್ಲ, ಅಕ್ಷರ ನೋಡಿದೆ, ಬರೀ ಅಕ್ಷರ. ಏನ್ ಸ್ವಾಮಿ ಮುತ್ತು ಪೋಣಿಸಿದಂಗೈತೆ, ಯಾರ್ದು ಈ ಕೈ ಅಂದ ಮಫ್ತಿಯಲ್ಲಿದ್ದವನು, ನಗುತ್ತಾ. ನಮ್ಮ ಅನುಸೂಯಂದು ಸಾರ್, ನಾನೇ ತಿದ್ಸಿದ್ದು, ಳ ಬಾಲ ನೋಡಿ, ಇಂಗೆ ಉದ್ದಕ್ಕೆ ಎಳೆಯೋದು ನಾವಿಬ್ರೇ. ಥೂ. ಅವನು ಬರೆದುಕೊಂಡ, ನಾನು ಕಾಫಿ ಮುಗಿಸಿದೆ, ತಳದ ಸಕ್ಕರೆಯನ್ನೂ ಬಿಡದೆ.

ಅಂಗಳದಲ್ಲಿ ಮರಳು, ನನ್ನ ಮುಷ್ಟಿಯೊಳಗೆ ಅವಳ ಪುಟ್ಟ ಬೆರಳು, ಇದಕ್ಯಾಕಪ್ಪ ಬಾಲ, ನಮ್ಮ ಕರು ಇದ್ದಂಗೆ ಕಣೇ, ಓಡೋವಾಗ ಎತ್ತಲ್ವಾ — ಎಷ್ಟು ನಗುತ್ತಾಳೆ, ಕರು ಕರು ಅಂತ ಅಂಗಳ ತುಂಬಾ ಳ ಬರೆಯುತ್ತಾಳೆ, ತುಳೀಬೇಡ ಅಪ್ಪಾ — ಆ ಸಂಜೆಯೇ ಪೊಲೀಸರು ಅವಳನ್ನು ಲೈಬ್ರರಿಯಿಂದಲೇ ಎಳೆದೊಯ್ದರಂತೆ. ತಪ್ಪಾಯ್ತು ಅಂತ ಬರೆದುಕೊಟ್ಟರೆ ಬಿಡ್ತಾರಂತೆ, ಬರೆಯಲ್ಲ ಅಂದಳಂತೆ, ನನ್ನ ಸಿಟ್ಟೇ ಅವಳಿಗೂ, ಬರೆದುಬಿಡೇ ಅನ್ನಲು ನನಗಿನ್ನು ಯಾವ ಬಾಯಿ. ಬೆಳಿಗ್ಗೆ ಜೈಲಿನಿಂದ ಕಾಗದ ಬಂತು, ಜೇಬಿನಲ್ಲಿದೆ, ಮೂರು ಸಾಲು, ಚೆನ್ನಾಗಿದ್ದೇನೆ, ಅಮ್ಮನನ್ನು ಕಳಿಸು, ನೀನು ಬರಬೇಡ. ಬೇರೆ ಯಾರೋ ಬರೆದಿದ್ದಾರೆ ಅಂದುಕೊಂಡೆ, ಅಚ್ಚಿನ ಮೊಳೆಯಂತೆ ನೆಟ್ಟಗೆ ನಿಂತ ಅಕ್ಷರಗಳು, ಇನ್ನು ಯಾರೂ ಗುರುತು ಹಿಡಿಯದ ಹಾಗೆ, ನಾನೂ ಹಿಡಿಯದ ಹಾಗೆ, ಕೊನೆಗೆ, ನಿನ್ನ ಮಗಳು — ಏ ಗೋಪಾಲಪ್ಪಣ್ಣ, ಆಯ್ತಾ — ಒ ಪಕ್ಕದಲ್ಲಿ ಜಾಗ ಖಾಲಿ, ಬ್ರಷ್ಷಿನ ತುದಿಯಲ್ಲಿ ಕೆಂಪು ತೊಟ್ಟಿಕ್ಕುತ್ತಿದೆ, ಬಾಲ ಎಳೆಯಲಾ, ಬಿಡಲಾ, ಮಗಳು ಅಂತ ಬರೆದಿದ್ದಾಳೆ, ಮಗಳು, ಬಾಲ ಕತ್ತರಿಸಿದ ಳ, ಬಾಲವಿಲ್ಲದ ಳ