ಅರ್ನೆವ್ವನ ಹಿರಿಯರು

ಸಿಯಾಟಲ್ ಹತ್ತಿರದ ಬಾಥೆಲ್ ಊರಿನಲ್ಲಿದ್ದ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದ ಬಸವಣ್ಣೆವ್ವನಿಗೆ ಅಲ್ಲಿ ದೊರೆತ ಗೆಳತಿ ಒಬ್ಬಳೇ, ಪಕ್ಕದ ಮನೆಯ ಅರ್ನೆಸ್ಟೀನ್. ಎಪ್ಪತ್ತು ದಾಟಿದ, ಆಫ್ರಿಕಾ ಮೂಲದ ಅಮೆರಿಕನ್ ಹೆಂಗಸು. ಮೂವತ್ತು ವರ್ಷ ಸಿಯಾಟಲ್‌ನಲ್ಲಿ ಸಿಟಿ ಬಸ್ ಓಡಿಸಿ ನಿವೃತ್ತಳಾಗಿದ್ದಳು. ಹೆಣ್ಣುಮಗಳೊಬ್ಬಳು ಅಷ್ಟು ದೊಡ್ಡ ಬಸ್ಸು ಓಡಿಸಿದಳೆಂದು ಕೇಳಿದ ದಿನವೇ ಬಸವಣ್ಣೆವ್ವ ಅವಳಿಗೆ ಮನಸೋತಿದ್ದಳು. ಹೆಸರು ನಾಲಿಗೆಗೆ ಹೊರಳದೆ ‘ಅರ್ನೆವ್ವ’ ಎಂದು ಕರೆದಳು. ಅವಳೂ ಬಾಯಿತುಂಬ ಓಗೊಟ್ಟಳು. ಇಬ್ಬರ ನಡುವೆ ಮಾತು ದಾಟಿಸಲು ಬಸವಣ್ಣೆವ್ವನ ಹತ್ತು ವರ್ಷದ ಮೊಮ್ಮಗಳು ನಿಕಿತಾ ಇದ್ದಳು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಬಸವಣ್ಣೆವ್ವ ಅಂಗಳದ ಕಾಂಕ್ರೀಟಿನ ಮೇಲೆ ಸೀಮೆಸುಣ್ಣದಿಂದ ಚೌಕಾಬಾರಾದ ಮನೆ ಬರೆದು, ತವರಿಂದ ತಂದಿದ್ದ ನಾಲ್ಕು ಕವಡೆಗಳನ್ನು ಅರ್ನೆವ್ವನ ಕೈಗೆ ಹಾಕಹೋದಳು. ಅವಳು ಕೈ ಹಿಂದೆಗೆದಳು. ಮುಖದ ನಗು ಆರಿತು. ನಿಕಿತಾಳಿಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದಳು.

“ಏನಂತಾಳವಾ ಆಕಿ? ನನ್ನಿಂದ ಏನರ ತಪ್ಪಾತೇನು?”

ನಿಕಿತಾ ಕನ್ನಡ ಹುಡುಕಿ ಹುಡುಕಿ ಹೇಳಿದಳು: “ಆಯಿ, ಭಾಳ ಹಿಂದ ಆಫ್ರಿಕಾದಾಗ ಜನಾನ್ನ ಸೇಲ್ ಮಾಡ್ತಿದ್ರಂತ. ರೊಕ್ಕದ ಬದ್ಲಿ ಈ ಶೆಲ್ ಕೊಡ್ತಿದ್ರಂತ. ಆಮ್ಯಾಲೆ ಅವರನ್ನ ಶಿಪ್‌ನಾಗ ಹಾಕ್ಕೊಂಡು ಇಲ್ಲಿಗೆ ತಂದ್ರಂತ. ಕಾಟನ್, ಶುಗರ್ ಬೆಳಿಯಾಕ. ಇವರ ಅಜ್ಜಿಯ ಅಜ್ಜಿಯ... ಅವರನ್ನೂ.”

“ಮನಷ್ಯಾರನ್ನ? ಕವಡಿಗೆ?”

“ಹೂಂ. ಆ ಶೆಲ್ ನಮ್ಮ ಕಡೆ ಸಮುದ್ರದ್ದಂತ. ಮಾಲ್ಡೀವ್ಸ್‌ದು. ಯುರೋಪಿನವರು ಶಿಪ್‌ನಾಗ ತುಂಬ್ಕೊಂಡು ಒಯ್ತಿದ್ರಂತ.”

ಬಸವಣ್ಣೆವ್ವ ಅಂಗೈಯಲ್ಲಿದ್ದ ಕವಡೆಗಳನ್ನು ಹೊರಳಿಸಿ ನೋಡಿದಳು. ಎಲ್ಲಮ್ಮನ ಜೋಗತಿಯರ ಕೊರಳಲ್ಲಿ, ಅವ್ವನ ಆಟದ ಚೀಲದಲ್ಲಿ ಹುಟ್ಟಿದಾಗಿನಿಂದ ಕಂಡ ಕವಡೆ ಅದು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಮರುದಿನ ಕವಡೆಯ ಬದಲು ಆಡಲೆಂದು ಹುಣಸೆಹಣ್ಣಿನ ಪೊಟ್ಟಣ ಜಾಲಾಡಿ ಬೀಜ ಆರಿಸಿದಳು. ಮೆಟ್ಟಿಲಿಗೆ ಉಜ್ಜಿ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ, ಬಿಸಿ ರೊಟ್ಟಿಯ ಜೊತೆ ಅರ್ನೆವ್ವನ ಮನೆಗೆ ಒಯ್ದಳು. ಅರ್ನೆವ್ವ ಬೀಜಗಳನ್ನು ನೋಡಿ, ಗೆಳತಿಯ ಸವೆದ ಬೆರಳ ತುದಿಯನ್ನೂ ನೋಡಿದಳು. ಆ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಹೇಳಿದ್ದನ್ನು ನಿಕಿತಾ ದಾಟಿಸಿದಳು: “ನಿನ್ನ ಮ್ಯಾಲೆ ಸಿಟ್ಟಿಲ್ಲಂತ, ಆಯಿ. ಬುಕ್ಕಿನಾಗ ಓದಿದ್ರಂತ, ಕೈಯಾಗ ಎಂದೂ ಹಿಡಿದಿರಲಿಲ್ಲಂತ. ಅದಕ್ಕ ಹೆದರಿಕಿ ಬಂತಂತ. ಶೆಲ್ ಏನೂ ತಪ್ಪು ಮಾಡಿಲ್ಲಂತ. ತೊಗೊಂಡು ಬಾ ಅಂತಾರ.”

ಅಂದು ಕವಡೆಯಲ್ಲೇ ಆಡಿದರು. ಅರ್ನೆವ್ವನಿಗೆ ಮೇಲಿಂದ ಮೇಲೆ ಚೌಕಾ ಬಿದ್ದು, ಬಸವಣ್ಣೆವ್ವನ ಮೂರು ಕಾಯಿ ಸತ್ತವು. ಬೇಕೆಂದೇ ಸೋತಿದ್ದಲ್ಲ, ಅವಳಿಗೆ ಸೋಲುವುದೆಂದರೆ ಆಗದು.

ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಹಬ್ಬ ಬಂತು. ಹೊಸ ಸೀರೆ, ಧೋತರ ಇಟ್ಟು, ಹೋಳಿಗೆಯ ಎಡೆ ಹಿಡಿಯುವಾಗ ಬಸವಣ್ಣೆವ್ವ ಊಟಕ್ಕೆ ಕರೆದಿದ್ದ ಗೆಳತಿಯತ್ತ ತಿರುಗಿದಳು. “ಕೇಳವಾ ನಿಕಿತಾ, ಆಫ್ರಿಕಾದಿಂದ ಬಂದ ಈಕಿ ಮುತ್ತಜ್ಜಿ ಹೆಸರೇನಂತ. ಆಕಿಗೂ ಎಡಿ ಹಿಡೀತೀನಿ.”

ಅರ್ನೆವ್ವ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಹಳೆಯ ಕಾಗದಗಳಲ್ಲಿ ಸಿಗುವುದು ಕೊಂಡವರು ಇಟ್ಟ ಹೆಸರು, ‘ಡೈನಾ’ ಎಂದು. ಅದರ ಹಿಂದಿನದು ಯಾರಿಗೂ ಗೊತ್ತಿಲ್ಲ.

“ಹಡದಾಕಿ ಇಟ್ಟ ಹೆಸರು ಒಂದು ಇದ್ದಽ ಇತ್ತಲ್ಲ,” ಎಂದಳು ಬಸವಣ್ಣೆವ್ವ. “ನಮಗ ಗೊತ್ತಿಲ್ಲ, ಅಷ್ಟ. ಆಕಿಗೆ ಗೊತ್ತೈತಿ.”

ಇನ್ನೊಂದು ಬಾಳೆಲೆ ಹಾಸಿದಳು. ಬದನೆಕಾಯಿ ಪಲ್ಯ, ಹೋಳಿಗೆ, ಅನ್ನ, ಕಟ್ಟಿನ ಸಾರು ಎಲ್ಲವನ್ನೂ ಬಡಿಸಿ, ನೀರು ಸುತ್ತುವಂತೆ ಅರ್ನೆವ್ವನ ಕೈಗೆ ತಂಬಿಗೆ ಕೊಟ್ಟಳು. ಆ ಹಿರಿಯ ಜೀವ ನೀರು ಸುತ್ತಿ, ಎಲೆಯ ಮುಂದೆ ಕುಳಿತಲ್ಲೇ ಕಣ್ಣು ಒರೆಸಿಕೊಂಡಿತು. ಬಸವಣ್ಣೆವ್ವ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕುಳಿತಳು.

ಊಟಕ್ಕೆ ಕುಳಿತಾಗ ಅರ್ನೆವ್ವ ಎರಡು ಹೋಳಿಗೆ ತಿಂದಳು. ಮೂರನೆಯದು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ, ಬಸವಣ್ಣೆವ್ವ ಹೋಳಿಗೆಯನ್ನು ಆ ಕೈಯ ಮೇಲೆಯೇ ಇಟ್ಟು ತುಪ್ಪ ಸುರಿದಳು.