ಗೆಜ್ಜೆ ಕಟ್ಟಿದ ಕತ್ತಿ

ಮಾಸ್ತರಿಕೆಗಿಂತ ಹಳೆಯ ಕತ್ತಿಗಳ ಹುಚ್ಚೇ ನನಗೆ ಹೆಚ್ಚಾಗಿದ್ದ ಕಾಲ ಅದು. ಸೂಟಿ ಬಂತೆಂದರೆ ಇಂಡಿ, ಸಿಂದಗಿ, ತಾಳಿಕೋಟೆ ಸುತ್ತಿ, ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದ ಕತ್ತಿಗಳನ್ನು ಕಾಡಿಬೇಡಿ ತರುತ್ತಿದ್ದೆ. ಹಿಡಿಕೆ ನೋಡಿದರೆ ಸಾಕು, ಇದು ಮರಾಠರದು, ಇದು ಬಾದಶಾಹಿ ಕಾಲದ್ದು ಎಂದುಬಿಡುತ್ತಿದ್ದೆ. ಮುದ್ದೇಬಿಹಾಳದಲ್ಲಿ ನನ್ನ ಮಾತಿಗೆ ಎದುರಾಡುವವರಿರಲಿಲ್ಲ. ಅದೇ ನನ್ನನ್ನು ಕೆಡಿಸಿತು.

೧೯೭೨ರ ಒಂದು ಸಂಜೆ ಮೀರಾಸಾಬ ಕಾಕಾ ಚಹಾದಂಗಡಿಗೆ ಒಂದು ಕತ್ತಿ ತಂದರು. ಮುಂಬೈಯ ಹಡಗುಗಳಲ್ಲಿ ಇಪ್ಪತ್ತು ವರ್ಷ ಖಲಾಸಿಯಾಗಿ ದುಡಿದು ಊರು ಸೇರಿದ್ದವರು. ಅವರ ಸಮುದ್ರದ ಕಥೆ ಕೇಳಲೆಂದೇ ಜನ ಎರಡನೆಯ ಚಹಾ ಹೇಳುತ್ತಿದ್ದರು. ಆ ಕತ್ತಿಯ ಅಲಗು ತುದಿಗೆ ಹೋದಂತೆ ಅಗಲವಾಗಿತ್ತು. ಹಿತ್ತಾಳೆ ಹಿಡಿಕೆಗೆ ಸಣ್ಣ ಸಣ್ಣ ಗೆಜ್ಜೆಗಳಿದ್ದವು. ಯಾವುದೋ ದ್ವೀಪದ ಗುಡ್ಡದ ಜನ ಕೊಟ್ಟರೆಂದು ಅವರು ಬಹಳ ಹೊತ್ತು ಹೇಳಿದರು.

ನಾನು ನಕ್ಕೆ. “ಕಾಕಾ, ಯಾರಿಗೆ ಹೇಳ್ತೀರಿ? ಗೆಜ್ಜಿ ಐತಿ ಅಂದ್ರ ಇದು ಜಾತ್ರ್ಯಾಗ ಕುಣಿಯೋ ವೀರಭದ್ರನ ಪುರವಂತರ ಕತ್ತಿ. ಬಾಗೇವಾಡಿ ಕಡೇದು.”

ಅಂಗಡಿಯೆಲ್ಲ ಹೋ ಎಂದು ನಕ್ಕಿತು. ಕಾಕಾ ಕತ್ತಿಯನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಎದ್ದು ಹೋದರು. ಮತ್ತೆಂದೂ ಸಮುದ್ರದ ಮಾತೆತ್ತಲಿಲ್ಲ. ಅವರ ಕಥೆಯಿಲ್ಲದೆ ಅಂಗಡಿ ಸಪ್ಪೆಯಾಯಿತು.

ನಾಲ್ಕು ವರ್ಷದ ನಂತರ ಮುಂಬೈಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪುಸ್ತಕವೊಂದರಲ್ಲಿ ಅದೇ ಅಲಗು, ಅದೇ ಗೆಜ್ಜೆ ಕಂಡವು. ಫಿಲಿಪೈನ್ಸಿನ ಮಿಂಡನಾವೊ ದ್ವೀಪದ ಟಿಬೋಲಿ, ಬ್ಲಾನ್ ಎಂಬ ಗುಡ್ಡಗಾಡು ಜನರ ಕತ್ತಿಗಳಂತೆ. ನನ್ನ ಜಾಣತನಕ್ಕೆ ನನಗೇ ಹೇಸಿಗೆಯಾಯಿತು. ಊರಿನ ಬಸ್ಸಿಳಿದವನೇ ಕಾಕಾನ ಮನೆಗೆ ಓಡಿದೆ.

ಪುಸ್ತಕ ತೆರೆದು ತೋರಿಸಿದೆ. ಚಿತ್ರದ ಗೆಜ್ಜೆಗಳ ಮೇಲೆ ಅವರು ಬೆರಳಾಡಿಸಿದರು.

“ಕತ್ತಿ ಎಲ್ಲೈತ್ರಿ ಕಾಕಾ?”

“ಬಾಗೇವಾಡಿ ಪುರವಂತ ಗುರಲಿಂಗಪ್ಪಗ ಕೊಟ್ಟೆ. ನೀವಽ ಹೇಳಿದ್ರಲ್ಲಾ ಮಾಸ್ತರ. ಅವರ ದೇವರ ಕತ್ತಿ ನನ್ನ ಮನ್ಯಾಗ ಯಾಕಿರ್ಬೇಕು?”

“ತಪ್ಪು ನಂದ್ರಿ. ನಾಳೆನಽ ಹೋಗಿ ತರ್ತೇನಿ. ಅಂಗಡ್ಯಾಗ ಎಲ್ಲಾರ ಮುಂದ ಖರೇ ಹೇಳ್ತೇನಿ.”

“ಕತ್ತಿ ಅಲ್ಲೇ ಇರ್ಲಿ ಬಿಡ್ರಿ.” ಕಾಕಾ ನನ್ನ ಕೈ ಹಿಡಿದುಕೊಂಡರು. “ಎಲ್ಲಾರೂ ಸುಳ್ಳ ಸುಳ್ಳ ಅಂದು, ನಾ ಹೋಗಿದ್ನೋ ಇಲ್ಲೋ ಅಂತ ನನಗಽ ಅನುಮಾನ ಹುಟ್ಟೈತಿ. ಆ ಮಂದಿ ಮಾರಿನೂ ನೆನಪಾಗವಲ್ದು. ಅವತ್ತ ನೀವು ನನ್ನ ಎದುರಿಗೇ ಕುಂತಿದ್ರಿ. ಅವರು ಕತ್ತಿ ಯಾಕ ಕೊಟ್ರು ಅಂತ ಹೇಳಿದ್ದೆ? ಸ್ವಲ್ಪ ಹೇಳ್ರಿ.”

ಅವತ್ತು ನಾನು ಕತ್ತಿಯನ್ನಷ್ಟೇ ನೋಡಿದ್ದೆ. ಅವರ ಮಾತು ಕೇಳಿರಲೇ ಇಲ್ಲ.