ಪಟ್ಟಿಯ ಮೊದಲ ಕಾರಣ

ಕನ್ನಡಕದ ಗಾಜು, ನೀಲಿ ಟ್ರೇ, ಕಂಪ್ಯೂಟರಿನಲ್ಲೊಂದು ಪಟ್ಟಿ, ಇಷ್ಟರಲ್ಲಿ ಕಥೆ ಆಗುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಇದನ್ನು ಹೇಳಲು ಹೊರಟದ್ದೇ ಹೆಚ್ಚಾಯಿತೇನೋ. ಬಲ್ಲವರು ಇದಕ್ಕಿಂತ ಚೆನ್ನಾಗಿ ಹೇಳಿಯಾರು. ಎಲ್ಲಾದರೂ ಎಡವಿದರೆ ಮನ್ನಿಸಬೇಕು.

ಆ ಕಾರ್ಖಾನೆಯಲ್ಲಿ ಕನ್ನಡಕದ ಗಾಜುಗಳನ್ನು ಉಜ್ಜಿ, ಹೊಳಪು ಕೊಟ್ಟು, ಅಂಗಡಿಗಳಿಗೆ ಕಳಿಸುತ್ತಿದ್ದರು. ಒಂದು ಜೊತೆ ಗಾಜಿಗೆ ಒಂದು ನೀಲಿ ಟ್ರೇ. ಟ್ರೇ ಮೇಜಿನಿಂದ ಮೇಜಿಗೆ ಸಾಗಿ, ಆರು ಕೈ ದಾಟಿ ಹೊರಬೀಳುತ್ತಿತ್ತು. ಮೊದಲೆಲ್ಲ ಅದರಲ್ಲೊಂದು ಚೀಟಿ ಇರುತ್ತಿತ್ತು. ಕೆಲಸ ಮುಗಿಸಿದವರು ಚೀಟಿಯ ಮೇಲೆ ಗೀಚಿ ಮುಂದೆ ತಳ್ಳುತ್ತಿದ್ದರು. ಆ ಚೀಟಿಯನ್ನು ತೆಗೆದು ಅದರ ಜಾಗಕ್ಕೆ ಕಂಪ್ಯೂಟರ್ ತರುವ ಕೆಲಸ ಅವಳ ಪಾಲಿಗೆ ಬಂತು.

ಅವಳು ಅಲ್ಲಿದ್ದ ಒಬ್ಬಳೇ ಪ್ರೋಗ್ರಾಮರ್. ಹಗಲು ಟೈಪಿಂಗ್ ಕೆಲಸ ಮಾಡಿ, ಸಂಜೆ ತರಗತಿಯಲ್ಲಿ ಕೂತು ಕಲಿತವಳು. ತಾನು ಕಲಿತದ್ದು ಅರ್ಧಂಬರ್ಧ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ. ಹಾಗಾಗಿ ಎರಡು ವಾರ ನೋಟ್‌ಬುಕ್ ಹಿಡಿದು ಮೇಜು ಮೇಜಿಗೂ ನಿಂತಳು. ಟ್ರೇ ಎಲ್ಲಿಂದ ಬರುತ್ತದೆ, ಎಲ್ಲಿ ಕಾಯುತ್ತದೆ, ಯಾರು ಹಿಂದಕ್ಕೆ ಕಳಿಸುತ್ತಾರೆ, ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಚೌಕ ಎಳೆದು, ಬಾಣ ಎಳೆದು, ಇಡೀ ಕಾರ್ಖಾನೆಯನ್ನು ಒಂದು ಹಾಳೆಗೆ ಇಳಿಸಿದಳು. ಮ್ಯಾನೇಜರ್ ಅದನ್ನು ಗೋಡೆಗೆ ಅಂಟಿಸಿ, "ಇನ್ಮೇಲೆ ಈ ಕಾರ್ಖಾನೆ ಕಣ್ಣಿಗೆ ಕಾಣುತ್ತೆ!" ಎಂದರು. ಕೆಲಸದವರು ಹತ್ತಿರ ಬಂದು ತಂತಮ್ಮ ಚೌಕ ಹುಡುಕಿಕೊಂಡು, "ನನ್ನನ್ನ ಇಷ್ಟು ಚಿಕ್ಕದಾಗಿ ಬರೆದಿದೀರಲ್ಲ ಮೇಡಂ" ಎಂದು ನಕ್ಕು ಹೋದರು.

ಐದನೆಯ ಚೌಕ ತಪಾಸಣೆಯದು. ಅಲ್ಲಿ ದೀಪದಕ್ಕ ಕೂರುತ್ತಿದ್ದಳು. ದಿನವಿಡೀ ಬಿಳಿ ದೀಪಕ್ಕೆ ಗಾಜು ಹಿಡಿದು ನೋಡುವುದೇ ಅವಳ ಕೆಲಸವಾದ್ದರಿಂದ ಆ ಹೆಸರು. ಗಾಜು ಸರಿಯಿಲ್ಲದಿದ್ದರೆ ತೆಗೆದುಹಾಕಿ, ಹೊಸದು ಮಾಡಿರೆಂದು ಟ್ರೇಯನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಹಿಂದಕ್ಕೆ ಕಳಿಸುವಾಗ ಪರದೆಯಲ್ಲಿ ಒಂದು ಕಾರಣ ಆರಿಸಬೇಕಿತ್ತು. ಪಟ್ಟಿಯಲ್ಲಿ ಐದು ಕಾರಣ: ಗೀರು, ಗುಳ್ಳೆ, ಪವರ್ ತಪ್ಪು, ಅಂಚು ಒಡೆದಿದೆ, ಇತರೆ.

ಹೊಸ ವ್ಯವಸ್ಥೆ ಶುರುವಾದ ಮೊದಲ ದಿನವೇ ಅಕ್ಕ ಕಾರಣ ಆರಿಸದೆ ಗುಂಡಿ ಒತ್ತಿದಳು. ಕಾರಣವಿಲ್ಲದೆ ಮುಂದೆ ಹೋಗುವುದಿಲ್ಲವೆಂದು ಪರದೆ ಕೆಂಪಾಗಿ ಹಟ ಹಿಡಿಯಿತು. ಹಿಂದೆ ಟ್ರೇಗಳು ಗೋಪುರದಂತೆ ಬೆಳೆದವು. ಮ್ಯಾನೇಜರ್ ಓಡಿ ಬಂದರು.

"ಏನಾದ್ರೂ ಮಾಡಿ ಮೇಡಂ. ಸಾಲು ನಿಲ್ಲಬಾರದು, ಅಷ್ಟೇ."

ಅವಳು ಐದು ನಿಮಿಷದಲ್ಲಿ ಮಾಡಿದಳು. ಯಾರೂ ಏನೂ ಆರಿಸದಿದ್ದರೆ ಪಟ್ಟಿಯ ಮೊದಲ ಕಾರಣ ತಾನಾಗಿ ತುಂಬಿಕೊಳ್ಳಲಿ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಳು. ಕೆಂಪು ಹೋಯಿತು, ಟ್ರೇಗಳು ಹರಿದವು, ಎಲ್ಲರೂ ಉಸಿರು ಬಿಟ್ಟರು. ನೋಟ್‌ಬುಕ್ಕಿನಲ್ಲಿ 'ಇದು ತಾತ್ಕಾಲಿಕ, ಆಮೇಲೆ ಸರಿಮಾಡಬೇಕು' ಎಂದು ಬರೆದು ಅಡಿಗೆರೆ ಎಳೆದಳು. ಮರುದಿನ ಬೇರೆ ಮೇಜಿನಲ್ಲಿ ಬೇರೆ ತಾಪತ್ರಯ. ಅದರ ಮರುದಿನ ಇನ್ನೊಂದು. ಆ ಪುಟ ಮಗುಚಿಹೋಯಿತು.

ಏಳು ತಿಂಗಳು ಕಳೆದ ಮೇಲೆ ಮ್ಯಾನೇಜರ್ ಎಲ್ಲರನ್ನೂ ಕರೆದು ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ತಿರಸ್ಕಾರವಾದ ಗಾಜುಗಳ ಲೆಕ್ಕ. ಗುಳ್ಳೆ, ಪವರ್, ಅಂಚು ಎಲ್ಲವೂ ಇರುವೆಯಷ್ಟು ಎತ್ತರ. ಗೀರು ಮಾತ್ರ ಕಂಬದಂತೆ ನಿಂತಿತ್ತು. ನಾನೂರ ಹನ್ನೆರಡು. ಅದರಲ್ಲಿ ಮುಕ್ಕಾಲು ಪಾಲು ಎರಡನೇ ಯಂತ್ರದ್ದು.

"ಇಷ್ಟು ವರ್ಷ ಕತ್ತಲಲ್ಲಿ ತಡಕಾಡ್ತಿದ್ವಿ. ಈಗ ನೋಡಿ, ಕಳ್ಳ ಸಿಕ್ಕಿಬಿದ್ದ!" ಎಂದು ಮ್ಯಾನೇಜರ್ ಅವಳ ಕಡೆ ಮೆಚ್ಚುಗೆಯಿಂದ ನೋಡಿ, ಬಡ್ತಿಯ ಮಾತನ್ನೂ ಎತ್ತಿದರು. ಅವಳು ನಾಚಿಕೊಂಡಳು. ಹೊಗಳಿಕೆ ಕೇಳಿ ಅಭ್ಯಾಸವಿರಲಿಲ್ಲ.

ಎರಡನೇ ಯಂತ್ರ ಉಜ್ಜಣ್ಣನದು. ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುತ್ತಿದ್ದವನು. ಸೋಮವಾರದಿಂದ ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕುವುದೆಂದು ಅಲ್ಲಿಯೇ ತೀರ್ಮಾನವಾಯಿತು. ಅವನು ಹೆಬ್ಬೆರಳಿನಿಂದ ಅಂಗೈಯನ್ನು ಸವರಿಕೊಳ್ಳುತ್ತ ಕೂತಿದ್ದ.

ಊಟದ ಹೊತ್ತಿಗೆ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಮೇಡಂ, ಜಗಳಕ್ಕೆ ಬಂದಿಲ್ಲ. ಒಂದು ಮಾತು ಕೇಳ್ಲಾ?"

"ಬನ್ನಿ ಅಣ್ಣ, ಕೂತ್ಕೊಳ್ಳಿ."

"ಕೂರಲ್ಲ. ಗೀರು ಬಿದ್ರೆ ಈ ಬೆರಳಿಗೆ ಗೊತ್ತಾಗುತ್ತೆ. ಕಣ್ಣು ಮೋಸ ಮಾಡಬಹುದು, ಇದು ಮಾಡಲ್ಲ. ಮುನ್ನೂರು ಗೀರು ಅಂದ್ರೆ ನನ್ನ ಬೆರಳು ಸತ್ತಿರಬೇಕು. ನಿಮ್ಮ ಡಬ್ಬದಲ್ಲಿ ಇನ್ನೊಂದ್ಸಲ ನೋಡ್ತೀರಾ? ಅದೂ ಅದನ್ನೇ ಹೇಳಿದ್ರೆ ಸುಮ್ನೆ ಹೋಗಿ ಪೆಟ್ಟಿಗೆ ಕಟ್ತೀನಿ."

ಅವನು ಹೋದಮೇಲೆ ಅವಳು ಅಂಕಿಗಳನ್ನು ಬಿಚ್ಚಿ ನೋಡಿದಳು. ಗೀರು, ಗೀರು, ಗೀರು. ದೀಪದಕ್ಕ ರಜೆ ಹಾಕಿ ಬದಲಿಯವರು ಕೂತ ಹನ್ನೊಂದು ದಿನಗಳಲ್ಲಿ ಮಾತ್ರ ಗುಳ್ಳೆಯೂ ಇತ್ತು, ಅಂಚೂ ಇತ್ತು. ಆಗ ಅವಳಿಗೆ ಮಗುಚಿಹೋದ ಪುಟ ನೆನಪಾಯಿತು.

ಎದ್ದು ಹೋಗಿ ದೀಪದಕ್ಕನ ಬೆನ್ನ ಹಿಂದೆ ನಿಂತಳು. ಅಕ್ಕ ಗಾಜು ಎತ್ತಿ ದೀಪಕ್ಕೆ ಹಿಡಿದಳು. ಒಳಗೆ ಸಾಸಿವೆಯಷ್ಟು ಗುಳ್ಳೆ. "ಥೂ" ಎಂದು ಟ್ರೇ ಪಕ್ಕಕ್ಕಿಟ್ಟು ಹಸಿರು ಗುಂಡಿ ಒತ್ತಿದಳು. ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಕಾ, ಕಾರಣ ಆರಿಸಲ್ವಾ?"

"ಅದು ಬರುತ್ತಲ್ಲ ಮೇಡಂ, ತಾನೇ."

"ಗೀರು ಅಂತ ಬಂತು. ಇದರಲ್ಲಿ ಇದ್ದದ್ದು ಗುಳ್ಳೆ."

"ಹೌದು, ನಂಗೂ ಒಂದೊಂದ್ಸಲ ಅನ್ನಿಸ್ತಿತ್ತು, ಗುಳ್ಳೆಗೂ ಗೀರು ಅನ್ನುತ್ತಲ್ಲ ಇದು ಅಂತ. ಕಂಪ್ಯೂಟರ್ ಅಲ್ವಾ, ಒಳಗಿನದು ಏನೋ ಅದಕ್ಕೆ ಕಾಣ್ತಿರಬೇಕು ಅಂದ್ಕೊಂಡೆ. ಇಷ್ಟು ಓದಿದೋರು ಮಾಡಿದ್ದು, ನಾನ್ಯಾಕೆ ಬಾಯಿ ಹಾಕ್ಲಿ?"

ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಅಕ್ಕನ ಮಾತಿನಲ್ಲಿ ಇನ್ನೂ ಒಂದು ವಿಷಯ ಹೊರಬಿತ್ತು. ದಪ್ಪ ಗಾಜು, ಹೆಚ್ಚು ಪವರಿನ ಗಾಜು, ಬೇರೆಯವರು ಮುಟ್ಟಲು ಅಂಜುವ ಗಾಜು, ಎಲ್ಲವೂ ಎರಡನೇ ಯಂತ್ರಕ್ಕೇ ಹೋಗುತ್ತಿದ್ದವು. ಕೈ ಪಳಗಿದವನು ಉಜ್ಜಣ್ಣನೇ ಎಂದು. ಅಂಥ ಗಾಜಿನಲ್ಲಿ ಗುಳ್ಳೆ ಹೆಚ್ಚು. ಗುಳ್ಳೆ ಗಾಜಿನ ಜೊತೆಗೇ ಬರುವಂಥದ್ದು, ಉಜ್ಜಿದವನ ತಪ್ಪಲ್ಲ. ಇದು ಅವಳ ಹಾಳೆಯ ಯಾವ ಬಾಣದಲ್ಲೂ ಇರಲಿಲ್ಲ. ಎರಡು ವಾರ ನಿಂತು ನೋಡಿದರೂ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಸಂಜೆ ಮನೆಯಲ್ಲಿ ಅವಳು ಸಿಂಕಿನ ಮುಂದೆ ನಿಂತು ಒಂದೇ ಲೋಟವನ್ನು ತೊಳೆಯುತ್ತಲೇ ಇದ್ದಳು. ಬಸ್ ಓಡಿಸಿ ಬಂದಿದ್ದ ಗಂಡ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದ.

"ಆ ಲೋಟ ಏನು ಪಾಪ ಮಾಡಿತ್ತು?" ಎಂದ.

ಅವಳು ಎಲ್ಲವನ್ನೂ ಹೇಳಿದಳು. "ಹೇಳಿದ್ರೆ ನನ್ನ ತಲೆ ಹೋಗುತ್ತೆ ಕಣ್ರೀ."

"ಹೋದ್ರೆ ಹೋಗ್ಲಿ ಬಿಡೆ. ವಾರಕ್ಕೆ ಮೂರು ದಿನ ಅದರಲ್ಲಿ ನೋವು ಅಂತೀಯ."

ಅವಳಿಗೆ ನಗು ಬರಲಿಲ್ಲ. ಅವನು ಚಾಚಿದ್ದ ಕಾಲು ಮಡಚಿಕೊಂಡ. "ಆ ಮನುಷ್ಯ ಸೋಮವಾರ ಹೋಗ್ತಾನಾ?"

"ಹೂಂ."

"ಮತ್ತೆ ಇವತ್ತಿನ್ನೂ ಗುರುವಾರ" ಎಂದು ಎದ್ದು ಹೋಗಿ ಅವಳ ಕೈಯಿಂದ ಲೋಟ ಇಸಿದುಕೊಂಡ.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ರೇಗಲಿಲ್ಲ. ರೇಗಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಮೂಗಿನ ಬದಿ ಒತ್ತಿಕೊಂಡರು.

"ಆ ಚಿತ್ರ ಮೇಲಿನವರಿಗೆ ಹೋಗಿ ವಾರ ಆಯ್ತು ಮೇಡಂ. ಸರಿ, ನಾನೂರ ಹನ್ನೆರಡು ಸುಳ್ಳು. ಹಾಗಾದ್ರೆ ನಿಜ ಎಷ್ಟು?"

"ಗೊತ್ತಿಲ್ಲ ಸರ್."

"ಅಂದಾಜು?"

"ಅಂದಾಜಿಗೂ ಆಧಾರ ಇಲ್ಲ. ಅಕ್ಕ ಗೀರು ಕಂಡೇ ಒತ್ತಿದ್ದಕ್ಕೂ ಅದೇ ಬಂದಿದೆ, ಕಾಣದೆ ಒತ್ತಿದ್ದಕ್ಕೂ ಅದೇ ಬಂದಿದೆ. ಬದಲಿಯವರು ಕೂತ ಹನ್ನೊಂದು ದಿನದಲ್ಲಿ ನಾಲ್ಕು ದಿನ ಉಜ್ಜಣ್ಣ ಬಂದೇ ಇರಲಿಲ್ಲ. ಉಳಿದ ಏಳು ದಿನ ನೋಡಿ ಏಳು ತಿಂಗಳ ಲೆಕ್ಕ ಹೇಳೋಕಾಗಲ್ಲ."

"ಗೊತ್ತಿಲ್ಲ ಅಂತ ನಾನು ಮೇಲೆ ಬರೆಯೋಕಾಗುತ್ತಾ? ಏನಾದ್ರೂ ಕಣ್ಣಿಗೆ ಕಾಣೋದು ತನ್ನಿ. ತಿರಸ್ಕಾರದ ಗಾಜು ಎಲ್ಲಿ ಹೋಗುತ್ತೆ?"

ಅದು ಅವಳಿಗೆ ಹೊಳೆದಿರಲಿಲ್ಲ. ಹಳೆಯವೆಲ್ಲ ಪುಡಿಯಾಗಿದ್ದವು. ಆದರೆ ಆ ತಿಂಗಳ ಮೂಟೆ ಇನ್ನೂ ಹಿಂಬಾಗಿಲ ಬಳಿಯ ಉಗ್ರಾಣದಲ್ಲಿತ್ತು. ಮಧ್ಯಾಹ್ನ ಅವಳು, ದೀಪದಕ್ಕ, ಉಜ್ಜಣ್ಣ ಮೂವರೂ ನೆಲದ ಮೇಲೆ ಬಟ್ಟೆ ಹಾಸಿ ಮೂಟೆ ಬಿಚ್ಚಿದರು. ಅಕ್ಕ ತನ್ನ ದೀಪವನ್ನೇ ಕಿತ್ತು ತಂದಿದ್ದಳು. ಅಕ್ಕನೇ ಒಂದು ಗಾಜು ಎತ್ತಿ ಬೆಳಕಿಗೆ ಹಿಡಿದಳು.

"ಗೀರು" ಎಂದಳು. ಇನ್ನೊಂದು ಎತ್ತಿದಳು. "ಇದರಲ್ಲೂ." ಮೂರನೆಯದಕ್ಕೆ ಅವಳ ಮುಖ ಸಣ್ಣದಾಯಿತು. "ಇದು ಗುಳ್ಳೇದು ಮೇಡಂ, ನಿನ್ನೆ ನಿಮ್ಮೆದುರಿಗೇ ಕಳಿಸಿದ್ದು. ಇದರಲ್ಲೂ ಗೀರಿದೆ."

ಉಜ್ಜಣ್ಣ ಅದನ್ನು ಇಸಿದುಕೊಂಡು ಹೆಬ್ಬೆರಳಲ್ಲಿ ಸವರಿದ. ಮತ್ತೊಂದನ್ನು ಸವರಿದ. ಆಮೇಲೆ ಮೂಟೆಯನ್ನು ಕಾಲಿನಿಂದ ಸ್ವಲ್ಪ ಅಲುಗಿಸಿದ. ಒಳಗೆ ಗಾಜು ಗಾಜಿಗೆ ತಿಕ್ಕುವ ಸದ್ದು ಬಂತು.

"ಬಿಡಿ ಅಕ್ಕ, ಸಾಕು" ಎಂದ. "ಮೂಟೇಲಿ ಹಾಕಿದ ಮೇಲೆ ಎಲ್ಲಾ ಗೀರೇ. ಇದರಲ್ಲಿ ನನ್ನದ್ಯಾವುದು, ಮೂಟೇದ್ಯಾವುದು ಅಂತ ದೇವರೇ ಬಂದು ಹೇಳ್ಬೇಕು."

ಅರವತ್ತೊಂದು ಗಾಜು ಇದ್ದವು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾನಾದ್ರೂ ಒಂದು ಮಾತು ಬಾಯಿ ಬಿಡಬಾರದಿತ್ತಾ" ಎಂದಳು. "ನಿಮ್ಮದೇನೂ ಇಲ್ಲಕ್ಕ, ಇದು ನಾನು ಬರೆದ ಸಾಲು" ಎಂದು ಹೇಳುತ್ತ ಅವಳು ಗಾಜುಗಳನ್ನು ಮತ್ತೆ ಮೂಟೆಗೆ ತುಂಬಿದಳು.

ಕೋಣೆಗೆ ಬಂದು ಪತ್ರ ಬರೆದಳು. ಆರು ಸಲ ಹರಿದು ಏಳನೆಯ ಸಲ ಬರೆದಳು. ಪಟ್ಟಿಯ ಮೊದಲ ಕಾರಣ ತಾನಾಗಿ ತುಂಬಿಕೊಳ್ಳುವಂತೆ ಮಾಡಿದ್ದು ನಾನು, ಸರಿಮಾಡಲು ಮರೆತವಳೂ ನಾನು, ಏಳು ತಿಂಗಳ ಆ ಅಂಕಿಗಳಿಂದ ಯಾರ ಕೆಲಸವನ್ನೂ ಅಳೆಯಲಾಗದು. ಕೆಳಗೆ ಸಹಿ ಹಾಕಿದಳು. ಮ್ಯಾನೇಜರ್ ಎರಡು ಸಲ ಓದಿದರು.

"ಇದನ್ನ ಕಳಿಸಿದ್ರೆ ನಿಮ್ಮ ಹೆಸರು ಕೆಡುತ್ತೆ. ಗೊತ್ತಲ್ಲ?"

"ಗೊತ್ತು ಸರ್."

"ನನ್ನದೂ ಕೆಡುತ್ತೆ" ಎಂದು ನಿಟ್ಟುಸಿರು ಬಿಟ್ಟು, ಪತ್ರವನ್ನು ಮೇಲಕ್ಕೆ ಕಳಿಸಿದರು.

ಉಜ್ಜಣ್ಣನ ವರ್ಗಾವಣೆಯನ್ನು ಒಂದು ತಿಂಗಳು ತಡೆಹಿಡಿದರು. ಆ ತಿಂಗಳು ಹೊಸದಾಗಿ ಎಣಿಸಿ ನೋಡಬೇಕೆಂದು ಮೇಲಿನಿಂದ ಆದೇಶ ಬಂತು. ಅವಳು ಪ್ರೋಗ್ರಾಮಿನ ಆ ಸಾಲನ್ನು ಅಳಿಸಿದಳು. ಅಕ್ಕನ ಪಕ್ಕ ಎರಡು ದಿನ ಕುರ್ಚಿ ಹಾಕಿಕೊಂಡು ಕೂತು, ಒಂದೊಂದು ಕಾರಣವನ್ನೂ ಆರಿಸುವುದನ್ನು ರೂಢಿ ಮಾಡಿಸಿದಳು. ಪರದೆ ಮತ್ತೆ ಆಗಾಗ ಕೆಂಪಾಗುತ್ತಿತ್ತು, ಸಾಲು ನಿಲ್ಲುತ್ತಿತ್ತು, ಮ್ಯಾನೇಜರ್ ದೂರದಿಂದ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಈ ಸಲ ಯಾರೂ ಏನಾದರೂ ಮಾಡಿ ಎನ್ನಲಿಲ್ಲ.

ತಿಂಗಳ ಕೊನೆಗೆ ಎರಡನೇ ಯಂತ್ರದ ಗೀರು ಐದು ಇದ್ದವು. ಉಜ್ಜಣ್ಣ ತನ್ನ ಯಂತ್ರದಲ್ಲೇ ಉಳಿದ. ಅವಳ ಬಡ್ತಿಯ ಮಾತು ನಿಂತುಹೋಯಿತು. ಕೆಲಸ ಉಳಿಯಿತು.

ಅಂದು ಅವಳು ಮನೆಗೆ ಹೊರಟಾಗ ಉಜ್ಜಣ್ಣ ಗೇಟಿನ ಬಳಿ ಕಾಯುತ್ತಿದ್ದ. ಸೋತವನಂತೆ ಕಂಡ.

"ಐದೇ ಬಂತಲ್ಲ ಅಣ್ಣ" ಎಂದಳು.

"ಐದು ಬಂತು ಮೇಡಂ. ಆದ್ರೆ ಈ ತಿಂಗಳು ಒಂದೊಂದು ಗಾಜಿಗೂ ಎರಡರಷ್ಟು ಹೊತ್ತು ತಗೊಂಡೆ. ಹೆದರಿ ಹೆದರಿ ಉಜ್ಜಿದೆ. ಮೊದಲು ಹಾಗೆ ಮಾಡ್ತಿರಲಿಲ್ಲ." ಹೆಬ್ಬೆರಳು ಸವರಿಕೊಳ್ಳುತ್ತ ಕೇಳಿದ: "ಆ ಏಳು ತಿಂಗಳಲ್ಲಿ ನಿಜವಾಗ್ಲೂ ನನ್ನ ಕೈಯಿಂದ ಎಷ್ಟು ಬಿದ್ದಿರಬಹುದು? ಬೇರೆ ಯಾರಿಗೂ ಬೇಡ. ನನಗೊಬ್ಬನಿಗೆ ಹೇಳಿ."

ಅವಳು ಆ ಅಂಕಿಗಳನ್ನು ಎಷ್ಟು ಸಲ ತಿರುವಿ ಹಾಕಿದ್ದಳೋ ಲೆಕ್ಕವಿರಲಿಲ್ಲ. ಹತ್ತಿರಬಹುದು, ನೂರಿರಬಹುದು.

"ಗೊತ್ತಿಲ್ಲ ಅಣ್ಣ" ಎಂದಳು.

ಅವನು ತಲೆಯಾಡಿಸಿ ಬಸ್ಸಿನ ಕಡೆ ನಡೆದ. ಅವಳಿಗೂ, ಅವನಿಗೂ, ಇದನ್ನು ಹೇಳುತ್ತಿರುವವರಿಗೂ ಅದು ಇವತ್ತಿನವರೆಗೂ ಗೊತ್ತಾಗಿಲ್ಲ.